ಮಂಜಿನ ಮರೆಯ ಬೆಸುಗೆ

ಕ್ಯಾಮೆರಾ ಸುಳ್ಳು ಹೇಳುವುದಿಲ್ಲ ಎಂಬ ಮಾತಿದೆ. ಚೀನಾದ ಲಾಂಗ್ ಚಿನ್‌ಸಾನ್ ಮಾತ್ರ ಎಲ್ಲಿಯೂ ಇಲ್ಲದ ಬೆಟ್ಟಗಳನ್ನು ಕ್ಯಾಮೆರಾದಿಂದಲೇ ಕಟ್ಟಿ ನಿಲ್ಲಿಸಿದ. ಸೋಜಿಗವೆಂದರೆ, 1892ರಲ್ಲಿ ಹುಟ್ಟಿದ ಈತ ಶಾಂಘೈನ ಪತ್ರಿಕೆಗಳಿಗೆ ಸುದ್ದಿಚಿತ್ರ ತೆಗೆದ ಮೊದಮೊದಲ ಚೀನೀಯರಲ್ಲಿ ಒಬ್ಬ. ಕಂಡದ್ದನ್ನು ಕಂಡಂತೆ ತೋರಿಸುವ ಕಸುಬು ಆತನಿಗೆ ಚೆನ್ನಾಗಿಯೇ ಗೊತ್ತಿತ್ತು.

ಆದರೆ ಕ್ಯಾಮೆರಾಕ್ಕೆ ಒಂದೇ ಕಣ್ಣು. ನಿಂತ ಜಾಗದಿಂದ, ಆ ಒಂದು ಕ್ಷಣದಲ್ಲಿ ಕಂಡಷ್ಟೇ ಅದರ ಪಾಲಿನ ಸತ್ಯ. ಚೀನೀ ಚಿತ್ರಕಲೆಯ ದಾರಿ ಬೇರೆ. ಬೆಟ್ಟವನ್ನು ನೋಡಲು ಮೂರು ಬಗೆಯ ದೂರಗಳಿವೆ ಎಂದು 11ನೆಯ ಶತಮಾನದ ಚಿತ್ರಕಾರ ಗುವೊ ಶಿ ಹೇಳಿದ್ದ. ಬುಡದಿಂದ ತುದಿಯನ್ನು ನೋಡುವುದು ಒಂದು. ಎದುರಿನಿಂದ ಹಿಂಬದಿಯ ಆಳವನ್ನು ಇಣುಕುವುದು ಇನ್ನೊಂದು. ಹತ್ತಿರದ ಬೆಟ್ಟದಿಂದ ದೂರದ ಬೆಟ್ಟದತ್ತ ಕಣ್ಣು ಹಾಯಿಸುವುದು ಮತ್ತೊಂದು. ಇವೆಲ್ಲ ಒಂದೇ ಚಿತ್ರದಲ್ಲಿ ಕೂಡಬಹುದು. ಅಂಥ ಚಿತ್ರ ಒಂದು ನೋಟವಲ್ಲ, ಬೆಟ್ಟದಲ್ಲಿ ಅಲೆದಾಡಿ ಬಂದವನ ನೆನಪು.

ಲಾಂಗ್ ಈ ನೆನಪನ್ನು ಕತ್ತಲೆಕೋಣೆಗೆ ತಂದ. ಒಂದು ನೆಗೆಟಿವ್‌ನಿಂದ ಮರ, ಇನ್ನೊಂದರಿಂದ ಶಿಖರ, ಮತ್ತೊಂದರಿಂದ ದೋಣಿ. ಕಾಗದದ ಉಳಿದ ಭಾಗಕ್ಕೆ ಬೆಳಕು ತಾಗದಂತೆ ಮರೆಮಾಡಿ, ಒಂದೊಂದನ್ನೇ ಅಚ್ಚೊತ್ತುತ್ತಿದ್ದ. ಬೆಸೆದ ಗೆರೆ ಕಾಣದಿರಲು ನಡುವೆ ಬಿಳಿ ಮಂಜು. ಚೀನೀ ಚಿತ್ರಕಾರರು ಬೇಕೆಂದೇ ಖಾಲಿ ಬಿಡುತ್ತಿದ್ದ ಜಾಗವೂ ಅದೇ. ಆ ಖಾಲಿಯಲ್ಲಿ ಏನೂ ಇಲ್ಲವೆಂದಲ್ಲ. ಮೋಡ, ನೀರು, ಉಸಿರು ಎಲ್ಲ ಅಲ್ಲಿಯೇ. ತಂತ್ರದ ಅಗತ್ಯ ಮತ್ತು ತತ್ವ ಇಲ್ಲಿ ಒಂದೇ ಆದವು.

1949ರಲ್ಲಿ ಚೀನಾದ ಆಡಳಿತ ಬದಲಾದಾಗ ಲಾಂಗ್ ತೈವಾನ್ ಸೇರಿದ. ಹುಟ್ಟುನಾಡಿನ ಬೆಟ್ಟಗಳು ಸಮುದ್ರದಾಚೆ ಉಳಿದವು. ಮುಂದಿನ ಕೆಲವು ಚಿತ್ರಗಳಲ್ಲಿ ಉದ್ದ ಗಡ್ಡದ, ನಿಲುವಂಗಿಯ ಋಷಿಯಂಥ ವ್ಯಕ್ತಿ ಕಾಣುತ್ತಾನೆ. ಆತ ಚಿತ್ರಕಾರ ಜಾಂಗ್ ದಾಚಿಯೆನ್. ಅವನೂ ತಾಯ್ನಾಡು ಬಿಟ್ಟು ಹೋದವನೇ. ಕಾಲಿಡಲಾಗದ ನೆಲದಲ್ಲಿ ಗೆಳೆಯನನ್ನು ನಿಲ್ಲಿಸಲು ಕತ್ತಲೆಕೋಣೆಗೆ ಮಾತ್ರ ಸಾಧ್ಯವಿತ್ತು.

ಹಾಗಾದರೆ ಇದು ಸುಳ್ಳೇ? ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯೆಂದು ಅಚ್ಚಾಗಿದ್ದರೆ ನಿಜಕ್ಕೂ ಸುಳ್ಳು. ಲಾಂಗ್ ಹಾಗೆ ಮಾಡಲಿಲ್ಲ. ಇವು ಜೋಡಿಸಿದ ಚಿತ್ರಗಳೆಂದು ಹೆಸರಿನಲ್ಲೇ ಸಾರಿದ. ಜೋಡಿಸುವ ಬಗೆಯನ್ನು ಪುಸ್ತಕ ಬರೆದು ಕಲಿಸಿದ. ಇಂದು ಕಂಪ್ಯೂಟರ್ ಇಂಥ ಬೆಟ್ಟವನ್ನು ಕ್ಷಣಾರ್ಧದಲ್ಲಿ ಕಟ್ಟಿಕೊಡುತ್ತದೆ. ಕಟ್ಟಿದ್ದು ಎಂದು ಹೇಳುವ ಪ್ರಾಮಾಣಿಕತೆಯನ್ನು ಮಾತ್ರ ಕಟ್ಟಿದವನೇ ತರಬೇಕು.

1995ರಲ್ಲಿ, ನೂರು ದಾಟಿದ ಮೇಲೆ, ಲಾಂಗ್ ತೀರಿಕೊಂಡ. ಆತನ ಬೆಟ್ಟಗಳು ಯಾವ ಭೂಪಟದಲ್ಲೂ ಇಲ್ಲ. ಆದರೆ ಅವುಗಳ ಒಂದೊಂದು ಮರ, ಒಂದೊಂದು ಬಂಡೆಯ ಮುಂದೆ ಯಾರೋ ಕ್ಯಾಮೆರಾ ಹಿಡಿದು ನಿಂತದ್ದಂತೂ ನಿಜ.