ಪ್ರಾಣಾಯಾಮದಿಂದ ಇಳಿಯದ ಹೊರೆ

ಶಿಕ್ಷಕರ ಒತ್ತಡದ ಬಗ್ಗೆ ಉಪದೇಶಿಸುವವರಿಗೆ ಇಂದು ಕೊರತೆಯಿಲ್ಲ. ಸೆಪ್ಟೆಂಬರ್ 5 ಬಂದರೆ ಶಾಲು, ಹಾರ, ಸ್ಫೂರ್ತಿಯ ಭಾಷಣ. ತರಬೇತಿ ಶಿಬಿರವಾದರೆ ಕೊನೆಯಲ್ಲಿ ಹತ್ತು ನಿಮಿಷದ ಧ್ಯಾನ. ಉಸಿರನ್ನು ಗಮನಿಸಿ, ಸಕಾರಾತ್ಮಕವಾಗಿ ಯೋಚಿಸಿ, ಮಕ್ಕಳ ನಗುವಿನಲ್ಲಿ ದಣಿವು ಮರೆಯಿರಿ ಎಂಬುದು ಇವುಗಳ ಸಾರ. ಉಸಿರಾಟದ ಅಭ್ಯಾಸದಲ್ಲಿ ತಪ್ಪೇನೂ ಇಲ್ಲ. ಅದರಿಂದ ಕೆಲವರಿಗೆ ನೆಮ್ಮದಿ ಸಿಗುವುದೂ ನಿಜ. ತಪ್ಪಿರುವುದು ಅದರ ಹಿಂದಿನ ರೋಗನಿರ್ಣಯದಲ್ಲಿ. ಒತ್ತಡವು ಶಿಕ್ಷಕಿಯ ಮನಸ್ಸಿನಲ್ಲಿ ಹುಟ್ಟುತ್ತದೆ, ಆದ್ದರಿಂದ ಅದನ್ನು ಅಲ್ಲಿಯೇ ಗುಣಪಡಿಸಬೇಕು ಎಂದು ಅದು ನಂಬಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆ ಹೇಳುವುದಿಲ್ಲ. 2019ರಲ್ಲಿ ಅಂಗೀಕೃತವಾದ ತನ್ನ ರೋಗಗಳ ವರ್ಗೀಕರಣದಲ್ಲಿ ಅದು 'ಬರ್ನ್‌ಔಟ್' ಅನ್ನು ಕಾಯಿಲೆಯೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಗುರುತಿಸಿತು. ಅಂದರೆ ಪರೀಕ್ಷೆಗೆ ಒಳಪಡಬೇಕಾದದ್ದು ಕೆಲಸದ ಸ್ವರೂಪ.

ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಯ ಕೆಲಸವನ್ನೇ ನೋಡಬಹುದು. ಅಲ್ಲಿ ಗುಮಾಸ್ತರಿಲ್ಲ. ಬಿಸಿಯೂಟದ ಅಕ್ಕಿ ಬೇಳೆಗಳ ಲೆಕ್ಕ, ಹಾಲು ಮತ್ತು ಮೊಟ್ಟೆಯ ವಿತರಣೆ, ಶೂ ಖರೀದಿಯ ರಸೀದಿ, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಜೋಡಣೆ, ಎಸ್‌ಎಟಿಎಸ್ ತಂತ್ರಾಂಶದಲ್ಲಿ ಮಾಹಿತಿ ಭರ್ತಿ ಎಲ್ಲವೂ ಪಾಠ ಮಾಡುವವರ ಪಾಲಿಗೇ ಬರುತ್ತವೆ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಶಿಕ್ಷಕಿಯ ಮೊಬೈಲ್‌ಗೆ ಇಲಾಖೆಯ ವಾಟ್ಸ್‌ಆ್ಯಪ್ ಗುಂಪಿನಿಂದ 'ಇಂದೇ, ತುರ್ತು' ಎಂಬ ಆದೇಶ ಬರುತ್ತದೆ. ಪಕ್ಕದ ಕೋಣೆಯಲ್ಲಿರುವುದು ಅತಿಥಿ ಶಿಕ್ಷಕ. ಬೇಸಿಗೆ ರಜೆಯಲ್ಲಿ ಆತನಿಗೆ ಗೌರವಧನವಿಲ್ಲ, ಮುಂದಿನ ವರ್ಷ ಕೆಲಸವಿರುವ ಖಾತರಿಯೂ ಇಲ್ಲ. ಇವರಿಬ್ಬರಿಗೂ ಒಂದೇ ಧ್ಯಾನವನ್ನು ಬೋಧಿಸುವುದು ಕ್ರೌರ್ಯವಲ್ಲದೆ ಮತ್ತೇನು?

ಕಾನೂನು ಇವರ ಪರವಾಗಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ವಾರಕ್ಕೆ 45 ಗಂಟೆಗಳನ್ನು ನಿಗದಿಪಡಿಸುವಾಗ ಪಾಠದ ತಯಾರಿಯನ್ನೂ ಅದರೊಳಗೇ ಸೇರಿಸಿದೆ. ಅದರ 27ನೆಯ ಸೆಕ್ಷನ್, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಗಳನ್ನು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆನ್ನುತ್ತದೆ.

ಇಲ್ಲಿ ಪ್ರಗತಿಪರ ವಲಯ ಉತ್ತರಿಸಬೇಕಾದ ಪ್ರಶ್ನೆಯೊಂದಿದೆ. 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಜಾತಿಯ ವಾಸ್ತವವನ್ನು ಅಂಕಿಗಳಲ್ಲಿ ಕಾಣದೆ ಸಾಮಾಜಿಕ ನ್ಯಾಯ ಸಾಧ್ಯವಿಲ್ಲ. ಆ ಸಮೀಕ್ಷೆ ಅಗತ್ಯವಾಗಿತ್ತು. ಆದರೆ ಮನೆ ಮನೆ ಸುತ್ತಿದ ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ. ಅವರ ದಸರಾ ರಜೆ ಅದಕ್ಕೆ ಹೋಯಿತು. ನೆಟ್‌ವರ್ಕ್ ಸಿಗದ ಹಳ್ಳಿಗಳಲ್ಲಿ ಆ್ಯಪ್‌ನೊಂದಿಗೆ ಹೆಣಗಾಡಿದ್ದೂ ಅವರೇ. ಕೆಲಸ ಮುಗಿಯದಿದ್ದಾಗ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಹೀಗೆ ಪಾಠದ ದಿನಗಳನ್ನು ಕಳೆದುಕೊಂಡದ್ದು ಸರ್ಕಾರಿ ಶಾಲೆಯ ಮಕ್ಕಳು, ಅಂದರೆ ಆ ಸಮೀಕ್ಷೆ ಯಾರ ಏಳಿಗೆಗಾಗಿ ನಡೆಯಿತೋ ಆ ಸಮುದಾಯಗಳ ಮಕ್ಕಳೇ. ಇದೇ ದುಡಿಮೆಯನ್ನು ತಮಗೆ ಒಪ್ಪಿಗೆಯಿಲ್ಲದ ಸರ್ಕಾರವೊಂದು ಹೇರಿದ್ದರೆ ಪ್ರಗತಿಪರರ ಲೇಖನಿಗಳು ಸುಮ್ಮನಿರುತ್ತಿದ್ದವೇ? ನಿರುದ್ಯೋಗಿ ಪದವೀಧರರಿಗೆ ಯೋಗ್ಯ ಸಂಬಳ ಕೊಟ್ಟು ಈ ಕೆಲಸ ಮಾಡಿಸಬಹುದಿತ್ತು. ಉದ್ದೇಶ ಒಳ್ಳೆಯದೆಂಬ ಕಾರಣಕ್ಕೆ ಹೇರಿದ ದುಡಿಮೆ ಸೇವೆಯಾಗುವುದಿಲ್ಲ.

ಒತ್ತಡವನ್ನು ವ್ಯವಸ್ಥೆಯ ಪ್ರಶ್ನೆಯನ್ನಾಗಿಸಿದ ಉದಾಹರಣೆ ಇಂಗ್ಲೆಂಡಿನಲ್ಲಿದೆ. ರೀಡಿಂಗ್‌ನ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ ರೂತ್ ಪೆರಿ 2023ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದಕ್ಕೆ ಆಫ್‌ಸ್ಟೆಡ್ ತಪಾಸಣೆಯೂ ಕಾರಣವಾಗಿತ್ತೆಂದು ಅದೇ ಡಿಸೆಂಬರ್‌ನಲ್ಲಿ ಕರೋನರ್ ತೀರ್ಪಿತ್ತರು. ಆಕೆಯ ಕುಟುಂಬ ಮತ್ತು ಶಿಕ್ಷಕ ಸಂಘಟನೆಗಳು ಕೇಳಿದ್ದು ಸಾಂತ್ವನದ ಶಿಬಿರವನ್ನಲ್ಲ, ತಪಾಸಣೆಯ ಸುಧಾರಣೆಯನ್ನು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಒಂದೇ ಪದದ ಒಟ್ಟಾರೆ ತೀರ್ಪು ನೀಡುವ ಪದ್ಧತಿ ರದ್ದಾಯಿತು. ಅಷ್ಟರಿಂದ ಎಲ್ಲವೂ ಸರಿಹೋಗಲಿಲ್ಲ. ಆದರೆ ಬದಲಾಗಬೇಕಾದದ್ದು ಯಾವುದೆಂಬುದು ಸ್ಪಷ್ಟವಾಯಿತು.

ಹಾಗಾದರೆ ಸ್ಫೂರ್ತಿ? ಅದೂ ವೇದಿಕೆಯಿಂದ ಇಳಿದು ಬರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಆರಂಭವಾದಾಗ, ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ಕೂತು ರೂಪಿಸಿದರು. ಅವರಿಗೆ ದೊರೆತದ್ದು ಸಮಯ, ಪರಸ್ಪರರ ಒಡನಾಟ ಮತ್ತು ತಮ್ಮ ಪಾಠದ ಮೇಲೆ ತಮ್ಮದೇ ಅಧಿಕಾರ. ಸ್ಫೂರ್ತಿಯ ಬೇರುಗಳು ಈ ಮೂರೇ. ಶಿಕ್ಷಕರು ಕಟ್ಟಿದ್ದನ್ನೇ ಸುತ್ತೋಲೆಯ ಮೂಲಕ ಎಲ್ಲರ ಮೇಲೆ ಹೊರಿಸಿದಾಗ ಅದು ಇನ್ನೊಂದು ನಮೂನೆಯಾಗಿಬಿಡುತ್ತದೆ.

ಪೌಂಡು, ಡಾಲರು, ದಿರ್ಹಮುಗಳಲ್ಲಿ ದೇಣಿಗೆ ಕಳುಹಿಸುವ ಅನಿವಾಸಿ ಹಳೆಯ ವಿದ್ಯಾರ್ಥಿಗಳು ತಮ್ಮೂರ ಶಾಲೆಗೆ ಸ್ಮಾರ್ಟ್ ಬೋರ್ಡ್ ಕೊಡಿಸುತ್ತಾರೆ, ಮೇಷ್ಟರ ತ್ಯಾಗವನ್ನು ರಾಜ್ಯೋತ್ಸವದ ವೇದಿಕೆಯಲ್ಲಿ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಅದೇ ಜನ ತಾವಿರುವ ದೇಶದಲ್ಲಿ ಮಗುವಿನ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಶಿಕ್ಷಕರಿಗೆ ತಯಾರಿಗೆ ಎಷ್ಟು ಸಮಯವಿದೆ ಎಂದು ಕೇಳಬಲ್ಲರು. ಆ ಪ್ರಶ್ನೆಗಳನ್ನು ಊರಿನ ಶಾಸಕರಿಗೂ ಕೇಳಬೇಕು: ಅತಿಥಿ ಶಿಕ್ಷಕರ ಜಾಗದಲ್ಲಿ ಖಾಯಂ ನೇಮಕಾತಿ ಯಾವಾಗ? ಶಾಲೆಗಳ ಲೆಕ್ಕಪತ್ರಕ್ಕೆ ಗುಮಾಸ್ತರು ಎಲ್ಲಿ? 27ನೆಯ ಸೆಕ್ಷನ್ ಪಾಲನೆಯಾಗುತ್ತಿದೆಯೇ?

ತ್ಯಾಗವನ್ನು ಹೊಗಳುವುದು ಸುಲಭ, ಅದಕ್ಕೆ ಖರ್ಚಿಲ್ಲ. ಶಿಕ್ಷಕಿಗೆ ಬೇಕಿರುವುದು ಪಾಠ ಮಾಡಲು ಬಿಡುವು.