ಬಾಣಂತನಕ್ಕೆ ಆರು ತಿಂಗಳ ಗಡುವು

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮಲ್ಲಿ ತಲೆತಲಾಂತರದ ರೂಢಿ. ಕಳೆದ ಎರಡು ಮೂರು ದಶಕಗಳಲ್ಲಿ ಜೆ.ಪಿ. ನಗರ, ಜಯನಗರ, ಬನಶಂಕರಿಯಂತಹ ಬಡಾವಣೆಗಳಲ್ಲಿ ಈ ರೂಢಿ ತಿರುವುಮುರುವಾಗಿದೆ. ಮಗಳು ಕ್ಯಾಲಿಫೋರ್ನಿಯಾದಲ್ಲೋ ಟೆಕ್ಸಾಸಿನಲ್ಲೋ ಉದ್ಯೋಗದಲ್ಲಿದ್ದಾಳೆ. ತವರೇ ಆಕೆಯಿದ್ದಲ್ಲಿಗೆ ಹೋಗುತ್ತದೆ. ಅಂಟಿನುಂಡೆ, ಮೆಣಸಿನಪುಡಿಗಳೊಡನೆ ತಾಯಿ ವಿಮಾನ ಏರುತ್ತಾಳೆ, ಜೊತೆಗೆ ನಿವೃತ್ತ ತಂದೆ. ಇವರ ಆರು ತಿಂಗಳು ಮುಗಿಯುವ ವೇಳೆಗೆ ಬೀಗರ ಆರು ತಿಂಗಳು ಆರಂಭವಾಗುತ್ತದೆ. ನಾನು ವಾಸಿಸುವ ರಸ್ತೆಯಲ್ಲಿ ಇಂತಹ ಒಂದೆರಡು ಮನೆಗಳಿಗೆ ಸದಾ ಬೀಗ ಬಿದ್ದಿರುತ್ತದೆ.

ಇವರ ಪಾಸ್‌ಪೋರ್ಟಿನಲ್ಲಿರುವುದು ಪ್ರವಾಸಿ ವೀಸಾ. ಸಾಮಾನ್ಯವಾಗಿ ಹತ್ತು ವರ್ಷಗಳ ಮಾನ್ಯತೆಯುಳ್ಳದ್ದು. ಗೊಂದಲ ಹುಟ್ಟುವುದೇ ಇಲ್ಲಿ. ವೀಸಾದ ಮೇಲಿನ ದಿನಾಂಕ ಆ ದೇಶದ ಬಾಗಿಲು ತಟ್ಟಲು ಇರುವ ಅವಧಿಯಷ್ಟೆ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ವಿಮಾನ ನಿಲ್ದಾಣದ ಅಧಿಕಾರಿ ನಿರ್ಧರಿಸುತ್ತಾನೆ. ಅದು ಸಾಧಾರಣವಾಗಿ ಆರು ತಿಂಗಳು. ಆ ಗಡುವು ಐ-94 ಎಂಬ ದಾಖಲೆಯಲ್ಲಿರುತ್ತದೆ. 2013ರಿಂದ ಅದು ಕಾಗದದ ಚೀಟಿಯಾಗಿ ಉಳಿದಿಲ್ಲ, ಅಂತರ್ಜಾಲದಲ್ಲಿ ನೋಡಿಕೊಳ್ಳಬೇಕು. ಗಡುವು ಮೀರಿದರೆ ಹತ್ತು ವರ್ಷಗಳ ಆ ವೀಸಾ ತಾನಾಗಿ ಅಸಿಂಧುವಾಗುತ್ತದೆ. 1996ರ ವಲಸೆ ಕಾಯ್ದೆಯ ಪ್ರಕಾರ, 180 ದಿನಗಳಿಗಿಂತ ಹೆಚ್ಚು ಕಾಲ ಅಕ್ರಮವಾಗಿ ಉಳಿದು ಹೊರಬಂದವರಿಗೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದವರಿಗೆ ಹತ್ತು ವರ್ಷ ಮರುಪ್ರವೇಶವಿಲ್ಲ. ಎಪ್ಪತ್ತರ ಅಂಚಿನಲ್ಲಿರುವವರಿಗೆ ಹತ್ತು ವರ್ಷವೆಂದರೆ ಏನೆಂದು ವಿವರಿಸಬೇಕಿಲ್ಲ.

ಅವಧಿ ವಿಸ್ತರಣೆಗೆ ಅವಕಾಶವಿದೆ. ಗಡುವಿನೊಳಗೆ ಐ-539 ಅರ್ಜಿ ಸಲ್ಲಿಸಿ, ಶುಲ್ಕ ತೆತ್ತು, ಸಕಾರಣ ನೀಡಬೇಕು. ಆದರೆ ಅದು ಕೋರಿಕೆಯೇ ಹೊರತು ಹಕ್ಕಲ್ಲ. ಆರು ತಿಂಗಳು ಇದ್ದು, ಊರಿಗೆ ಬಂದು, ತಿಂಗಳೊಪ್ಪತ್ತಿನಲ್ಲೇ ಮತ್ತೆ ಹೊರಡುವವರನ್ನು ತಡೆಯುವ ಲಿಖಿತ ನಿಯಮವಿಲ್ಲವಾದರೂ, ಇವರು ಪ್ರವಾಸಿಗಳೋ ನಿವಾಸಿಗಳೋ ಎಂಬ ಅಧಿಕಾರಿಯ ಸಂಶಯ ಸಹಜವೇ. ಸರ್ಕಾರಿ ಸೇವೆಯಲ್ಲಿ ದೀರ್ಘಕಾಲ ಕಡತಗಳೊಡನೆ ಕಳೆದ ನಾನು ಆ ಅಧಿಕಾರಿಯನ್ನು ದೂರಲಾರೆ. ಆತನ ಮುಂದಿರುವ ನಮೂನೆಯಲ್ಲಿ ಅಜ್ಜಿಗೆ ಪ್ರತ್ಯೇಕ ಅಂಕಣವೇ ಇಲ್ಲ.

ಮೂಲ ಪ್ರಶ್ನೆ ಇರುವುದು ಇಲ್ಲಿಯೇ. ಈ ಹಿರಿಯರು ಹೋಗುವುದು ನಯಾಗರ ನೋಡಲಲ್ಲ. ಅಮೆರಿಕದ ಒಕ್ಕೂಟ ಸರ್ಕಾರದ 1993ರ ಕಾಯ್ದೆ ಅರ್ಹ ಉದ್ಯೋಗಿಗಳಿಗೆ ನೀಡುವುದು ಹನ್ನೆರಡು ವಾರಗಳ ರಜೆ, ಅದೂ ವೇತನರಹಿತ. ನಮ್ಮಲ್ಲಿ 2017ರ ತಿದ್ದುಪಡಿಯ ತರುವಾಯ ಮೊದಲೆರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯಿದೆ. ಅಲ್ಲಿನ ಕೊರತೆಯನ್ನು ತುಂಬುತ್ತಿರುವವರು ಜೆ.ಪಿ. ನಗರದ ಅಜ್ಜ–ಅಜ್ಜಿಯರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನೋಡಿದರೆ, ಇದು ಇಲ್ಲಿನ ಹಿರಿಯರು ಅಲ್ಲಿನ ಆರ್ಥಿಕತೆಗೆ ನೀಡುತ್ತಿರುವ ಲೆಕ್ಕಕ್ಕೆ ಸಿಗದ ಸಹಾಯಧನ. ಕೂಲಿಯಿಲ್ಲದ ದುಡಿಮೆ ಯಾವ ದೇಶದ ರಾಷ್ಟ್ರೀಯ ಉತ್ಪನ್ನದಲ್ಲೂ ಕಾಣಿಸುವುದಿಲ್ಲ. ಹಾಗಾಗಿ ವೀಸಾ ನಿಯಮದಲ್ಲೂ ಕಾಣಿಸುತ್ತಿಲ್ಲ.

ಪರಿಹಾರವೇ ಇಲ್ಲವೆಂದಲ್ಲ. ಕೆನಡಾ 2011ರ ಡಿಸೆಂಬರಿನಲ್ಲಿ ತಂದೆ–ತಾಯಿ, ಅಜ್ಜ–ಅಜ್ಜಿಯರಿಗಾಗಿಯೇ ‘ಸೂಪರ್ ವೀಸಾ’ ಜಾರಿಗೆ ತಂದಿತು. ಒಮ್ಮೆ ಪ್ರವೇಶಿಸಿದರೆ ಎರಡು ವರ್ಷ ಇರಬಹುದಿತ್ತು. 2022ರ ಜುಲೈನಿಂದ ಅದನ್ನು ಐದು ವರ್ಷಕ್ಕೆ ಏರಿಸಲಾಯಿತು. ಕರೆಸಿಕೊಳ್ಳುವವರಿಗೆ ನಿಗದಿತ ಆದಾಯವಿರಬೇಕು, ಬರುವವರಿಗೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರಿನ ಆರೋಗ್ಯ ವಿಮೆ ಇರಬೇಕು. ಆಸ್ಟ್ರೇಲಿಯಾ 2019ರಲ್ಲಿ ಮೂರು ಅಥವಾ ಐದು ವರ್ಷಗಳ ಪೋಷಕರ ತಾತ್ಕಾಲಿಕ ವೀಸಾ ಆರಂಭಿಸಿತು. ಅದರ ಶುಲ್ಕ ದುಬಾರಿ ನಿಜ, ಆದರೆ ಸಂಬಂಧಕ್ಕೆ ಕಾನೂನಿನಲ್ಲಿ ಹೆಸರಿದೆ. ಎರಡೂ ಕಡೆ ಆತಿಥೇಯ ದೇಶದ ಬೊಕ್ಕಸಕ್ಕೆ ಹೊರೆಯಾಗದಂತೆ ಎಚ್ಚರ ವಹಿಸಲಾಗಿದೆ.

ಇದನ್ನು ಕೇಳುವ ನೈತಿಕ ಅಧಿಕಾರ ಭಾರತಕ್ಕಿದೆ. 2005ರಲ್ಲಿ ಜಾರಿಗೊಂಡ ಸಾಗರೋತ್ತರ ಭಾರತೀಯ ನಾಗರಿಕ ಯೋಜನೆಯಡಿ, ಅಮೆರಿಕದ ಪೌರತ್ವ ಪಡೆದ ನಮ್ಮ ಮಕ್ಕಳು ಇಲ್ಲಿಗೆ ಜೀವಮಾನವಿಡೀ ಬಂದು ಹೋಗಬಹುದು, ಎಷ್ಟು ಕಾಲ ಬೇಕಾದರೂ ಇರಬಹುದು. ಮಕ್ಕಳಿಗೆ ನಾವು ಬಾಗಿಲು ತೆರೆದಿಟ್ಟಿದ್ದೇವೆ. ಅವರನ್ನು ಹೆತ್ತವರಿಗೆ ಅಲ್ಲಿ ಸಿಗುವುದು ಆರು ತಿಂಗಳು. ದಶಕಗಳ ಬೇಡಿಕೆಯ ಬಳಿಕ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಕಚೇರಿಗಾಗಿ ಪಟ್ಟುಹಿಡಿದ ನಮ್ಮ ಸಂಸದರು, ಸಚಿವರು ಇನ್ನು ಹಿರಿಯರ ವೀಸಾಕ್ಕಾಗಿಯೂ ದನಿ ಎತ್ತಬೇಕು. ಎಂಜಿನಿಯರರ ವೀಸಾ ಕುರಿತು ಮಾತನಾಡುವ ದ್ವಿಪಕ್ಷೀಯ ಸಭೆಗಳಲ್ಲಿ ಅವರ ತಾಯಂದಿರ ಪ್ರಸ್ತಾಪವೂ ಬರಲಿ.

ಅಲ್ಲಿಯವರೆಗೆ ಗಡುವನ್ನು ಗೌರವಿಸುವುದೊಂದೇ ದಾರಿ. ‘ಇನ್ನೊಂದು ತಿಂಗಳು ಇರಮ್ಮ’ ಎಂಬ ಮಕ್ಕಳ ಮಾತಿನಲ್ಲಿ ಪ್ರೀತಿಯಿದೆ, ಆದರೆ ಅದರ ದಂಡ ತೆರುವವಳು ತಾಯಿ. ಪ್ರವಾಸ ವಿಮೆ ಹಳೆಯ ಕಾಯಿಲೆಗಳನ್ನು ಬಹುಮಟ್ಟಿಗೆ ಹೊರಗಿಡುತ್ತದೆ; ಸಕ್ಕರೆ ಕಾಯಿಲೆ, ರಕ್ತದೊತ್ತಡ ಇಲ್ಲದ ಹಿರಿಯರು ಎಷ್ಟು ಮಂದಿ? ಹೋಗುವ ಮುನ್ನವೇ ಮರಳುವ ಟಿಕೆಟ್ಟಿನ ದಿನಾಂಕ, ಮಗುವಿನ ಪಾಲನೆಗೆ ಮುಂದಿನ ವ್ಯವಸ್ಥೆ, ಎರಡನ್ನೂ ಮಕ್ಕಳೊಡನೆ ಕುಳಿತು ಇತ್ಯರ್ಥ ಮಾಡಿಕೊಳ್ಳುವುದು ಲೇಸು. ಮೊಮ್ಮಗುವಿನ ಮೊದಲ ತೊದಲುನುಡಿ ಕೇಳಲು ಒಂದು ತಿಂಗಳು ಹೆಚ್ಚು ಉಳಿದು, ಅದು ಶಾಲೆಗೆ ಹೋಗುವುದನ್ನು ನೋಡುವ ಅವಕಾಶ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.