ಕಡಲ ನಕ್ಷತ್ರದ ಮೇಲಿನ ಅಪವಾದ

ಸಿಂದಗಿ ಸೀಮೆಯ ಮೋರಟಗಿಯಲ್ಲಿ ಓದುವ ವಿದ್ಯಾರ್ಥಿಗಳಿಗೆ ಕಡಲು ಬಹು ದೂರ. ಎರೆಹೊಲವನ್ನೂ ಬಿಳಿಜೋಳವನ್ನೂ ಅವರು ಬಲ್ಲರು. ತೆರೆಗಳ ಮೊರೆತವನ್ನು ಅನೇಕರು ಕೇಳಿರಲಾರರು. ಆದರೆ ಕಡಲ ಪ್ರಾಣಿಗಳೊಡನೆ ಸೆಣಸುವ ಅತಿಮಾನವ ವೀರರ ಕಥೆಗಳು ಅವರನ್ನೂ ಮುಟ್ಟಿವೆ. ಹೀಗಾಗಿ ಕಡಲನ್ನು ಕಾಣುವ ಮುನ್ನವೇ ಅಲ್ಲಿನ ಜೀವಿಗಳ ಬಗೆಗೆ ಒಂದು ತೀರ್ಪು ಮನಸ್ಸಿನಲ್ಲಿ ನೆಲೆಯೂರುತ್ತದೆ. ಆ ತೀರ್ಪು ನ್ಯಾಯವಾದುದೆ ಎಂದು ವಿಚಾರಿಸುವುದು ಉಚಿತವೆಂದು ನಮಗೆ ತೋರುತ್ತದೆ.

1960ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಚಿತ್ರಕಥೆಯನ್ನು ನೋಡೋಣ. 'ಜಸ್ಟಿಸ್ ಲೀಗ್' ಎಂಬ ವೀರರ ಕೂಟವು ಮೊದಲು ಕಾಣಿಸಿಕೊಂಡುದು ಅದರಲ್ಲಿಯೇ. ಅವರ ಎದುರಾಳಿ ಸ್ಟಾರೊ. ಅಂತರಿಕ್ಷದಿಂದಿಳಿದ ದೈತ್ಯಾಕಾರದ ಕಡಲ ನಕ್ಷತ್ರ. ಮನುಷ್ಯರ ಮನಸ್ಸನ್ನು ವಶಪಡಿಸಿಕೊಳ್ಳುವುದೇ ಅದರ ಶಕ್ತಿ. ಕೊನೆಗೆ ವೀರರು ಅದನ್ನು ಸುಣ್ಣದಿಂದ ಗೆಲ್ಲುತ್ತಾರೆ.

ನಿಜವಾದ ಕಡಲ ನಕ್ಷತ್ರ ಎಂಥದು? ವಾಡಿಕೆಯಲ್ಲಿ ನಕ್ಷತ್ರಮೀನು ಎನ್ನುವುದುಂಟಾದರೂ ಅದು ಮೀನಲ್ಲ. ಪರರ ಮನಸ್ಸನ್ನು ಆಳುವ ಮಾತಂತಿರಲಿ, ಅದಕ್ಕೆ ಮಿದುಳೇ ಇಲ್ಲ. ಬಾಯಿಯ ಸುತ್ತ ಒಂದು ನರವಲಯ, ಅಲ್ಲಿಂದ ಪ್ರತಿ ತೋಳಿಗೂ ಹರಿಯುವ ನರ, ಬಹುಪಾಲು ಜಾತಿಗಳಲ್ಲಿ ತೋಳಿನ ತುದಿಗೊಂದು ಕಣ್ಣುಚುಕ್ಕೆ. ಇಷ್ಟೇ ಅದರ ಸಲಕರಣೆ. ಆದರೂ ಯಜಮಾನನಿಲ್ಲದ ಈ ಸಂಸಾರದಲ್ಲಿ ನೂರಾರು ಕೊಳವೆಗಾಲುಗಳು ಒಂದಾಗಿ ನಡೆಯುತ್ತವೆ. ಅನೇಕ ಜಾತಿಗಳು ಚಿಪ್ಪುಜೀವಿಗಳನ್ನು ಸೆಳೆದು ಸಂದುಮಾಡಿ, ತಮ್ಮ ಜಠರವನ್ನೇ ಹೊರಚಾಚಿ, ಬೇಟೆಯನ್ನು ಇದ್ದಲ್ಲಿಯೇ ಜೀರ್ಣಿಸಿಕೊಳ್ಳುತ್ತವೆ. ಯಾವ ಮಾಯಾಶಕ್ತಿ ಇದಕ್ಕಿಂತ ವಿಸ್ಮಯಕರ?

ಸುಣ್ಣದ ಪ್ರಯೋಗ ಮಾತ್ರ ಬರಿಯ ಕಲ್ಪನೆಯಲ್ಲ. ಸಿಂಪಿಗಳನ್ನು ತಿಂದುಹಾಕುವ ಈ ಪ್ರಾಣಿಯನ್ನು ಕೊಲ್ಲಲು ಅಮೆರಿಕದ ಸಿಂಪಿ ಸಾಕಣೆಗಾರರು ಸುಟ್ಟಸುಣ್ಣವನ್ನು ನಿಜವಾಗಿಯೂ ಬಳಸಿದ್ದರು. ಅವರಿಗಾದ ನಷ್ಟವೂ ಸುಳ್ಳಲ್ಲ. ಆದರೆ ಕಡಲ ನಕ್ಷತ್ರ ಕೇವಲ ಹಾನಿಕಾರಕವೆ? 1963ರಿಂದ ರಾಬರ್ಟ್ ಪೇನ್ ಎಂಬ ವಿಜ್ಞಾನಿ ವಾಷಿಂಗ್ಟನ್ ರಾಜ್ಯದ ಬಂಡೆತೀರವೊಂದರ ಒಂದು ಭಾಗದಿಂದ ಕಡಲ ನಕ್ಷತ್ರಗಳನ್ನು ಕಿತ್ತೆಸೆಯುತ್ತ ಬಂದನು. ಚಿಪ್ಪುಜೀವಿಗಳು ಮಿತಿಮೀರಿ ಹಬ್ಬಿ ಬಂಡೆಯನ್ನೆಲ್ಲ ಆಕ್ರಮಿಸಿದುವು. 1966ರ ಅವನ ವರದಿಯಂತೆ, ಅಲ್ಲಿ ಲೆಕ್ಕಕ್ಕೆ ಸಿಕ್ಕಿದ್ದ 15 ಜಾತಿಯ ಜೀವಿಗಳಲ್ಲಿ 8 ಮಾತ್ರ ಉಳಿದುವು. ಕಳ್ಳನೆಂದು ದೂರಿದವನೇ ಕಾವಲುಗಾರನೂ ಆಗಿದ್ದನು!

"ಕಥೆಯನ್ನು ಕಥೆಯೆಂದು ಓದಬಾರದೆ?" ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಓದಬಹುದು; ಕಲ್ಪನೆಯನ್ನು ನಾವು ನಿಂದಿಸುವುದಿಲ್ಲ. ಆದರೆ ಪುಸ್ತಕ ಮುಚ್ಚಿದ ಮೇಲೂ ಭಯ ಉಳಿದರೆ ಅದು ವಿಚಾರವನ್ನು ಕೊಲ್ಲುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ಅದ್ಭುತವೆನಿಸಿದುದನ್ನು ಒಪ್ಪುವ ಮುನ್ನ ಪರೀಕ್ಷಿಸಬೇಕೆಂಬ ಆ ಧೋರಣೆಯು ಪ್ರಾಣಿಗಳ ವಿಷಯದಲ್ಲಿಯೂ ಸಲ್ಲತಕ್ಕುದು. ಇಲ್ಲದ ಶಕ್ತಿಯನ್ನು ಆರೋಪಿಸಿ ಅಂಜುವುದು, ಇರುವ ಶಕ್ತಿಯನ್ನು ಅರಿಯದೆ ಕೊಲ್ಲುವುದು, ಎರಡೂ ಒಂದೇ ಅಜ್ಞಾನದ ಫಲ.

ಮೋರಟಗಿಯ ಮಿತ್ರರು ತಮಗೆ ಕಡಲು ಸಂಬಂಧಿಸಿದುದಲ್ಲವೆಂದು ಭಾವಿಸಬೇಕಾಗಿಲ್ಲ. ಅವರ ಜಿಲ್ಲೆಯದೇ ಆದ ತಾಳಿಕೋಟೆಯ ಸುಣ್ಣಗಲ್ಲು ಅತಿ ಪ್ರಾಚೀನವಾದ ಕಡಲೊಂದರ ತಳದಲ್ಲಿ ಶೇಖರಗೊಂಡುದು. ಆ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಕಡಲ ನಕ್ಷತ್ರದ ಅಸ್ಥಿಪಂಜರದಲ್ಲಿಯೂ ಇದೆ. ಕಥೆಯ ವೀರರು ಯಾವ ಸುಣ್ಣದಿಂದ ಅದನ್ನು ಗೆದ್ದರೋ ಆ ಸುಣ್ಣದ ಮೂಲದ್ರವ್ಯದಿಂದಲೇ ಅದರ ಮೈ ಕಟ್ಟಿದೆ. ಇದನ್ನು ತಿಳಿಯಲು ಅತಿಮಾನವ ಶಕ್ತಿ ಬೇಡ. ಪ್ರಶ್ನಿಸುವ ಮನಸ್ಸಿದ್ದರೆ ಸಾಕು.